ಮಾತಾಡದೆ ತರುವ ಗಿಡ

ಹರದನಹಳ್ಳಿ
3 ನವೆಂಬರ್ 2024

ಪ್ರೀತಿಯ ತಂಗಿ ಭವ್ಯಳಿಗೆ,

ಅಕ್ಕನ ಆಶೀರ್ವಾದ. ನಾವಿಲ್ಲಿ ಇದ್ದೇವೆ; ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ. ಅವ್ವನ ತಿಥಿ ಮುಗಿದು ಮೂರು ತಿಂಗಳಾಗುತ್ತಾ ಬಂತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದವಾದರೆ ಹರಿಯುವ ಮುಂಚೆ ಒಂದು ಸಲವಾದರೂ ಓದುತ್ತೀಯ ಎಂದು ಕೂತೆ.

ತಿಥಿಯ ದಿನ ಎಲ್ಲರ ಮುಂದೆ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಅವ್ವನ ವಿದ್ಯೆನೆಲ್ಲ ಒಬ್ಳೇ ಮಡಿಕ್ಕಂಡು ಕುಂತಿದ್ದೀಯ ಕಣಕ್ಕ, ನನ್ ನಿದ್ದೆ ಮಾತ್ರ ನಿಂಗೆ ಬ್ಯಾಡ." ಹೌದು, ನೀನು ಕೇಳಿದ ನಿದ್ದೆಯ ಪುಡಿಯನ್ನು ನಾನು ಕೊಡಲಿಲ್ಲ. ಗಿಡದ ಹೆಸರನ್ನೂ ಹೇಳಲಿಲ್ಲ. ನಿನ್ನ ಗಂಡ ರಂಗರಾಜು ಲಾರಿಯ ಜೊತೆ ಹೋದವನು ತಿರುಗಿ ಬರದಾದ ಮೇಲೆ ಎರಡು ವರ್ಷದಿಂದ ಆ ಪುಡಿ ಹಾಲಿಗೆ ಬಿದ್ದರೆ ಮಾತ್ರ ನಿನ್ನ ಕಣ್ಣು ಮುಚ್ಚುತ್ತದೆ ಎಂದು ಗೊತ್ತಿದ್ದೂ ಕೊಡಲಿಲ್ಲ.

ಅವ್ವನ ಕಟ್ಟುಪಾಡು ನಿನಗೆ ಅರ್ಧ ಮಾತ್ರ ಗೊತ್ತು. ಹೊತ್ತು ಹುಟ್ಟುವ ಮುಂಚೆ ಹೋಗಬೇಕು. "ತಾಯಿ, ಒಂದು ಜೀವಕ್ಕೆ ನಿದ್ದೆ ಬೇಕು, ಬಂದ್ಬುಡು" ಎಂದು ಗಿಡದ ಅಪ್ಪಣೆ ಕೇಳಿ ಕೀಳಬೇಕು. ಕಿತ್ತ ಮೇಲೆ ಮನೆಯ ನೆರಳಲ್ಲಿ ಹರಡುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದರೆ ಗುಣ ಹೋಯಿತು. ಚಿಕ್ಕವಳಿದ್ದಾಗ ಒಮ್ಮೆ ದಾರಿಯಲ್ಲಿ ನಾನು "ಅವ್ವಾ, ಹಸಿವು" ಎಂದು ಗೋಗರೆದೆ. "ಸುಮ್ಕಿರಮ್ಮಿ" ಅಂದುಬಿಟ್ಟಳು. ಮರುಕ್ಷಣವೇ ಇಡೀ ಕಂತೆಯನ್ನು ಕೆರೆಗೆ ಎಸೆದು, ನನ್ನ ಬೆನ್ನಿಗೆ ನಾಲ್ಕು ಬಿಟ್ಟಳು. ಏಟಿಗಿಂತ ಆ ಹಸಿರು ಕಂತೆ ನೀರಲ್ಲಿ ತೇಲಿದ್ದೇ ನನಗೆ ನೆನಪಿದೆ.

ಎಷ್ಟು ಸಣ್ಣ ಗಿಡ ಗೊತ್ತಾ? ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ. ಉಗುರಿನಷ್ಟು ನೀಲಿ ಹೂವು, ಬೆಳಿಗ್ಗೆ ಬಿರಿದು ಮಧ್ಯಾಹ್ನಕ್ಕೆ ಬಾಡುತ್ತದೆ. "ದೇವ್ರು ಎಜ್ಜೆ ಇಕ್ಕಿದ ಕಡೆ ಉಟ್ಟಿದ್ದು. ತುಳಿದ್ರೂ ಮುನ್ಸ್ಕೊಳಲ್ಲ, ಅದ್ಕೇ ಕುದಿಯೋ ಮನ್ಸು ತಣ್ಣಗೆ ಮಾಡದು" ಎನ್ನುತ್ತಿದ್ದಳು ಅವ್ವ. ಮಗು ಬೆಚ್ಚಿಬಿದ್ದರೆ, ಬಾಣಂತಿ ಸುಮ್ಮಸುಮ್ಮನೆ ಅತ್ತರೆ, ಊರಿನವರು ನಮ್ಮ ಬಾಗಿಲಿಗೇ ಬರುತ್ತಿದ್ದರು. ಈಗಲೂ ಬರುತ್ತಾರೆ. ಇಲ್ಲ ಎಂದು ಕಳಿಸುತ್ತಿದ್ದೇನೆ.

ಇದರ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಮಲಗುವ ಮುಂಚೆ ಬಿಸಿ ಹಾಲಿಗೆ ಅರ್ಧ ಚಮಚ, ಹೆಚ್ಚು ಬೇಡ. ಮಾರುಕಟ್ಟೆಯ ಮಂಡಿಯಲ್ಲಿ ದಿನವಿಡೀ ಈರುಳ್ಳಿ ಆರಿಸಿ ಸೊಂಟ ಹಿಡಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಮಾದಪ್ಪ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ,
ನೀಲಾವತಿ

ಮತ್ತೆ: ಕಾಗದ ಮಡಿಸಿದೆ, ಹಾಗೇ ಕಳಿಸಲು ಮನಸ್ಸು ಬರಲಿಲ್ಲ, ಮತ್ತೆ ಬಿಚ್ಚಿದೆ. ಅವ್ವ ನಿದ್ದೆಯಲ್ಲೇ ಹೋದಳು ಎಂದು ನಿನಗೆ ಹೇಳಿದ್ದು ಸುಳ್ಳು.

ಅವತ್ತು ನಿನ್ನ ಪುಡಿ ಮುಗಿದಿದೆ ಎಂದು ಅವಳು ಗಿಡ ಕೀಳಲು ಹೋಗಿದ್ದಳು. ನಾನು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ. ಕಂತೆ ಹಿಡಿದು ಬಂದವಳು ಜಗಲಿಯ ಕಂಬಕ್ಕೆ ಒರಗಿದಳು. ಮುಖದ ತುಂಬ ಬೆವರು. "ಏನವ್ವಾ?" ಅಂದೆ. ತುಟಿಯ ಮೇಲೆ ಬೆರಳಿಟ್ಟಳು. ಎರಡನೇ ಸಲ ಕೇಳಬಹುದಿತ್ತು, ಭವ್ಯ. ನನಗೆ ಕೆರೆಯಲ್ಲಿ ತೇಲಿದ ಕಂತೆ ನೆನಪಾಯಿತು. ಮಾತಾಡಿಸಿದರೆ ನಿನ್ನ ನಿದ್ದೆ ಹಾಳಾದೀತು ಎಂದು ಬಾಯಿ ಮುಚ್ಚಿಕೊಂಡು ರಂಗೋಲಿಗೆ ಬಗ್ಗಿದೆ. ಮುಗಿಸಿ ತಿರುಗುವಷ್ಟರಲ್ಲಿ ಅವಳು ಕಂಬದ ಬುಡದಲ್ಲಿ ಕುಸಿದು ಕೂತಿದ್ದಳು. ಉಸಿರಿರಲಿಲ್ಲ. ಆಚೆ ಮನೆಯ ಕೆಂಪಯ್ಯ ಬಂದು ಕಂತೆಯಿಂದ ಅವಳ ಬೆರಳು ಬಿಡಿಸಿದ. "ಬೇಲಿತಾವ್ಲೇ ಎದೆ ಇಡ್ಕಂಡು ನಿಂತಿದ್ಲು ಕಣವ್ವ. ಏನಾಯ್ತಮ್ಮಿ ಅಂದ್ರೆ ಕೈಯಾಡಿಸ್ಬುಟ್ಟು ಬಂದ್ಬುಟ್ಲು" ಎಂದು ಅತ್ತ.

ಪೊಟ್ಟಣದಲ್ಲಿರುವುದು ಅದೇ ಕಂತೆಯ ಪುಡಿ. ಇಷ್ಟು ದಿನ ಕೊಡಲಾಗದೆ ಇಟ್ಟುಕೊಂಡಿದ್ದು ಅದಕ್ಕೇ. ಅದು ನಿನ್ನದು. ಕುಡಿಯುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಗಿಡದ ಹೆಸರು ವಿಷ್ಣುಕ್ರಾಂತಿ. ಹೇಳಿದರೆ ಗುಣ ಹೋಗುತ್ತದಂತೆ, ಹೋದರೆ ಹೋಗಲಿ. ನೀನಿರುವ ಗುಂಡ್ಲುಪೇಟೆಯ ಹೊಲದ ಬದುಗಳಲ್ಲೂ ಸಿಗುತ್ತದೆ. ಕೀಳಲು ಹೋದರೆ ದಾರಿಯುದ್ದಕ್ಕೂ ಮಾತಾಡಿಕೊಂಡೇ ಬಾ. ಯಾರಾದರೂ ಏನಾಯಿತು ಎಂದು ಕೇಳಿದರೆ ಆದದ್ದನ್ನು ಹೇಳು.

ನಾಳೆ ಮತ್ತೆ ಫೋನ್ ಮಾಡುತ್ತೇನೆ. ಎತ್ತು. ಬೈಯುವುದಾದರೆ ಬೈಯಿ, ಕೊಂದೆ ಎನ್ನುವುದಾದರೆ ಅದನ್ನೂ ಅನ್ನು. ಸುಮ್ಮನೆ ಮಾತ್ರ ಇರಬೇಡ.