ಕೊಳವೆ ಕಂಡರೆ ಊದಿದವನು

ಮಂಗಳವಾರ, ಹದಿನಾಲ್ಕು.

ಸಿಟ್ಟಿಗೆ ಮೈಯೆಲ್ಲ ಉರೀತಿದೆ. ಆ ವೈರಸ್ ಜ್ವರ ಶ್ವಾಸಕೋಶದಲ್ಲಿ ಕಲೆ ಬಿಟ್ಟು ಹೋದಮೇಲೆ, ಆಸ್ಪತ್ರೆಯವರು ಉಸಿರಿನ ವ್ಯಾಯಾಮಕ್ಕೆ ಅಂತ ಕೊಳವೆ ಸಿಕ್ಕಿಸಿದ ಮೂರು ಗುಂಡಿನ ಡಬ್ಬಿ ಕೊಟ್ಟು "ದಿನಾ ಮಾಡಿ" ಅಂದಿದ್ದರು. ನಲವತ್ತು ವರ್ಷ ಊದುಗೊಳವೆಯಲ್ಲಿ ಬೆಂಕಿ ಊದಿ ಚಿನ್ನ ಬೆಸೆದವನು ನಾನು, ಊದದೆ ಇನ್ನೇನು ಮಾಡಲಿ? ಎರಡು ತಿಂಗಳು ಊದಿದೆ. ಒಂದು ಗುಂಡೂ ಅಲ್ಲಾಡಲಿಲ್ಲ. ಕಸುಬು ಮುಗೀತು ಅಂತ ಸಾಮಾನೆಲ್ಲ ತಮ್ಮನಿಗೆ ಕೊಟ್ಟುಬಿಟ್ಟೆ.

ಇವತ್ತು ಆಸ್ಪತ್ರೆಯಲ್ಲಿ ನಾನು ಊದೋದನ್ನ ನರ್ಸಮ್ಮ ನೋಡಿ ನಕ್ಕಳು. "ಅಯ್ಯೋ ತಾತ, ಊದೋದಲ್ಲ, ಉಸಿರು ಎಳ್ಕೋಬೇಕು!"

ಎಳೆದೆ. ಎರಡು ಗುಂಡು ಮೇಲೆದ್ದವು.

"ಮೊದಲೇ ಬೊಗಳೋಕೆ ಏನಾಗಿತ್ತು?" ಅಂದೆ. ಮನೆಯವಳು ತೋಳು ಚಿವುಟಿದಳು. ನರ್ಸಮ್ಮ ಹೇಳೋ ಪ್ರಕಾರ ಕಲೆ ಹೋಗಲ್ಲವಂತೆ, ಉಳಿದ ಶ್ವಾಸಕೋಶವನ್ನ ಪಳಗಿಸಬಹುದಂತೆ.

ಸಾಮಾನು ವಾಪಸ್ ಕೊಡು ಅಂತ ತಮ್ಮನಿಗೆ ಫೋನ್ ಮಾಡಿದರೆ, "ಅಣ್ಣಾ, ಆ ಹಿತ್ತಾಳೆ ಊದುಗೊಳವೆ ಕರಗಿಸಿಬಿಟ್ಟೆ" ಅಂತಾನೆ. ಕತ್ತೆ! ಬೈಯೋಕೆ ಶುರು ಮಾಡಿದೆ, ಅರ್ಧಕ್ಕೇ ಉಸಿರು ಕಟ್ಟಿತು. ಉಳಿದರ್ಧ ಬೈಗುಳ ಇಟ್ಕೊಂಡಿದ್ದೀನಿ ಅವನಿಗೆ, ಉಸಿರು ಬರಲಿ.