ಕೊನೆಯ ಅಧ್ಯಾಯದ ಅಮ್ಮ

ಜೋಗೇಶ್ವರಿ, ಮುಂಬಯಿ
18 ಆಗಸ್ಟ್ 2024

ಪ್ರೀತಿಯ ಅಪ್ಪಿ,

ನೀನೂ ಮನೆಯವರೂ ಸೌಖ್ಯವೆಂದುಕೊಂಡೇ ಶುರುಮಾಡುತ್ತೇನೆ. ನಿನ್ನ ಹೊಸ ಕಾದಂಬರಿ ಕೈಸೇರಿ ಇಷ್ಟು ದಿನವಾದರೂ ಈ ಚೆನ್ನಯ ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀ. ಬೈದುಕೋ ಮಾರಾಯ. ಫೋನಿನಲ್ಲಿ ಹೇಳುವ ಮಾತಾಗಿದ್ದರೆ ಎಂದೋ ಹೇಳಿ ಮುಗಿಸುತ್ತಿದ್ದೆ.

ಮೂರನೆಯ ಭಾಗಕ್ಕೆ ಬರುವಾಗ ಹೆಚ್ಚಿನ ಲೇಖಕರ ಸರಕು ಮುಗಿದಿರುತ್ತದೆ, ನಿನ್ನದೂ ಅಷ್ಟೇ ಎಂದುಕೊಂಡಿದ್ದೆ. ಸುಳ್ಳಾಯಿತು. ನಿನ್ನ ನಾಯಕಿ ರೋಹಿಣಿಯ ಆಕಾಶನೌಕೆ ಆ ಹೊಸ ಲೋಕದಲ್ಲಿ ಇಳಿದು, ಒಂದರ ಹಿಂದೆ ಒಂದು ಎರಡು ಸೂರ್ಯರು ಹುಟ್ಟುವುದನ್ನು ಓದಿ ನಾನು ಪುಸ್ತಕ ಮಡಚಿ ಕೈಮುಗಿದೆ. ನನ್ನ ಜೊತೆ ಹೋಟೆಲಿನಲ್ಲಿ ಟೇಬಲ್ ಒರೆಸಿ, ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ಅಪ್ಪಿಯ ತಲೆಯೊಳಗೆ ಇಷ್ಟು ದೊಡ್ಡ ಆಕಾಶ ಎಲ್ಲಿ ಅಡಗಿತ್ತು? ನನಗಂತೂ ಇನ್ನೂ ನಂಬಿಕೆ ಬರುತ್ತಿಲ್ಲ.

ನನ್ನ ಮಗಳು ಶ್ರೇಯಾ ಇಲ್ಲೇ ಹುಟ್ಟಿ ಬೆಳೆದವಳಲ್ಲವೇ? ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಒಂದೂ ಗೊತ್ತಿಲ್ಲ. ನಿನ್ನ ಮೂರೂ ಪುಸ್ತಕ ಅವಳಿಗೆ ಓದಿ ಹೇಳಿದವನು ನಾನೇ. ಆಫೀಸಿನಿಂದ ಬಂದು ಚಹಾ ಹಿಡಿದು ಕೂತಳೆಂದರೆ "ಪಪ್ಪಾ, ಆಗೇ ಪಢೋ" ಎಂದು ಮುಂದೆ ಓದಲು ದುಂಬಾಲು.

ಕಳೆದ ತಿಂಗಳು ಅಂಧೇರಿಯ ನಮ್ಮ ಕನ್ನಡ ಬಳಗದಲ್ಲಿ ನಿನ್ನ ಪುಸ್ತಕದ ಚರ್ಚೆ ಇಟ್ಟಿದ್ದರು. ಅವಳೂ ಹಟ ಹಿಡಿದು ಬಂದಳು. ವಿಕ್ರೋಳಿಯ ಅಣವೀರಪ್ಪ, ಕಲಬುರಗಿ ಕಡೆಯವರು, ಮೊದಲು ಎದ್ದರು. "ಲೋಕಲ್‌ನ್ಯಾಗ ನಿಂತು ಓದಾಕತ್ತಿದ್ದೆ ನೋಡ್ರಿ. ಎರಡು ಸೂರ್ಯ ಹುಟ್ಟಿದ್ವು, ಮೈ ಝುಂ ಅಂತು. ನನ್ನ ಸ್ಟೇಷನ್ ಹಿಂದ ಹೋಗಿದ್ದ ಗೊತ್ತಾಗ್ಲಿಲ್ಲ!" ಎಂದರು. ಅವರ ಹೆಂಡತಿ ದಾನೇಶ್ವರಿ ಮಾತ್ರ ಕಣ್ಣೊರೆಸಿಕೊಂಡರು. "ಅವ್ವನ ದನಿ ಭೂಮಿಯಿಂದ ರೋಹಿಣಿಗೆ ಮುಟ್ಟೂದ್ರಾಗ ಅವ್ವ ಸತ್ತು ವರ್ಷಗಟ್ಟಲೆ ಆಗಿರ್ತದ. ಭಾಳ ಅತ್ತೀನ್ರಿ. ಆದ್ರ ಅದಕ್ಕಿಂತ ಛಲೋ ಮುಗಸಾಕ ಯಾರಿಗೂ ಬರೂದಿಲ್ಲ."

ಅಷ್ಟರಲ್ಲಿ ಶ್ರೇಯಾ ಎದ್ದು ನಿಂತಳು. "ಅಮ್ಮ ಸತ್ತಿಲ್ಲ ಅಲ್ವಾ ಆಂಟಿ? ಲಾಸ್ಟಲ್ಲಿ ರೇಡಿಯೋದಲ್ಲಿ ಅಮ್ಮನೇ ಮಾತಾಡ್ತಾಳೆ. 'ತಲುಪಿದಿಯಾ ಮಗಾ? ಊಟ ಆಯ್ತಾ?' ಅಂತ ಕೇಳ್ತಾಳೆ. ಮೇರಾ ಫೇವರಿಟ್ ಪಾರ್ಟ್ ಹೈ ವೋ."

ಅಣವೀರಪ್ಪ ಪುಟ ತಿರುವಿ, "ಇದರಾಗ ಹಂಗಿಲ್ಲವಾ ತಂಗಿ" ಎಂದರು. ಯಾರೋ ನಕ್ಕರು. ಅವಳು ನಗುವವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

ಹೌದು ಅಪ್ಪಿ, ಆ ಮಾತು ನಾನು ಕಟ್ಟಿದ್ದು. ಆ ಪುಟಕ್ಕೆ ಬಂದಾಗ ನಾಲಗೆ ಏಳಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬಾಯಿಗೆ ಬಂದದ್ದು ಹೇಳಿದೆ. ಎರಡು ಸೂರ್ಯರನ್ನು ಹುಟ್ಟಿಸಿದವನ ಕಥೆಗೆ ಕೈ ಹಾಕಲು ನಾನ್ಯಾರು ಹೇಳು!

ಶ್ರೇಯಾ ಮನೆಗೆ ಬಂದವಳೇ ಕೊನೆಯ ಅಧ್ಯಾಯ ತೆರೆದು ನನ್ನ ಮುಂದೆ ಹಿಡಿದಳು. "ಎಲ್ಲಿ ಉಂಟು ಪಪ್ಪಾ? ಬೆರಳಿಟ್ಟು ತೋರ್ಸಿ." ನಾನು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅಮ್ಮ ಸತ್ತ ಸುದ್ದಿ ಇರುವ ಸಾಲೇ ಅದು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಮೊಬೈಲಿನಲ್ಲಿ ಫೋಟೋ ತೆಗೆದರೆ ಅದೇ ಓದಿ ಹೇಳುತ್ತದಂತೆ. ಅವಳಿಗೆ ಅದು ಬೇಡವಂತೆ. "ನಾನೇ ಓದ್ತೇನೆ. ಅ ಆ ಸೇ ಶುರು" ಎಂದಳು.

ಈಗ ಸಂಜೆಯ ಓದು ನಿಂತಿದೆ, ಪಾಠ ನಡೆದಿದೆ. ಅವಳ ಅಮ್ಮ ಶೀಲಾವತಿಯೇ ಟೀಚರು. ನಿನ್ನೊಂದು ಪುಸ್ತಕ ನನ್ನ ಮಗಳ ಕೈಗೆ ಕನ್ನಡದ ಅಕ್ಷರ ಹಿಡಿಸಿತು. ನಾನು ಇಷ್ಟು ವರ್ಷ ಬಾಯಿ ಒಣಗಿಸಿಕೊಂಡರೂ ಆಗದ ಕೆಲಸ ಇದು. ನಿನ್ನ ಕೈಗೆ ದೇವರು ಇನ್ನೂ ಬಲ ಕೊಡಲಿ, ಮಕ್ಕಳು ಮೊಮ್ಮಕ್ಕಳು ತಂಪಾಗಿರಲಿ.

ನಿನ್ನ,
ಚೆನ್ನಯ

ಮೇಲೆ ಬರೆಯದೆ ಬಿಟ್ಟ ಮಾತು: ಆ ಪುಟ ಓದಬೇಕಾಗಿದ್ದ ದಿನವೇ ಶೀಲಾಳ ರಿಪೋರ್ಟ್ ಬಂದಿತ್ತು. ಹೊಟ್ಟೆಯ ಗಡ್ಡೆ ಬೇರೆ ಕಡೆಗೂ ಹರಡಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು. ಶ್ರೇಯಾಗೆ ಗೊತ್ತಿಲ್ಲ. "ನಾನೇ ಹೇಳ್ತೇನೆ, ನೀವು ಬಾಯಿ ಬಿಡ್ಬೇಡಿ" ಎಂದು ಶೀಲಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಿನ್ನ ಪುಸ್ತಕ ಅವಳೂ ಓದಿದ್ದಾಳೆ. ಎಲ್ಲ ಗೊತ್ತಿದ್ದೂ ಮಗಳನ್ನು ಯಾಕೆ ಆ ಪುಟಕ್ಕೆ ಕರೆದುಕೊಂಡು ಹೋಗುತ್ತಿದ್ದೀ ಎಂದು ಮೊನ್ನೆ ಕೇಳಿದೆ. "ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ಅವ್ಳು ಅದನ್ನು ಓದಿ ಮುಗ್ಸಿದ ದಿನ ಹೇಳ್ತೇನೆ" ಎಂದಳು. ನಿನ್ನೆ ಶ್ರೇಯಾ ಕೊನೆಯ ಅಧ್ಯಾಯದ ಮೊದಲ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಶೀಲಾ ಚಪ್ಪಾಳೆ ತಟ್ಟಿದಳು.