ಒಂದೇ ಚುಕ್ಕಿಯಲ್ಲಿ ಇಬ್ಬರು

ಜೂನ್ 3, ಸಂಜೆ
ಇಸ್ತ್ರಿಪೆಟ್ಟಿಗೆ ಆರಲು ಇಟ್ಟು ಫೋನ್ ನೋಡಿದೆ. ಚುಕ್ಕಿ ಹೆದ್ದಾರಿ ಸೇರಿದೆ. ಮಗಳು ಹಾಕಿಕೊಟ್ಟ ಲೊಕೇಶನ್ — ಇವರ ಫೋನ್ ಎಲ್ಲಿದೆಯೋ ಮ್ಯಾಪಿನಲ್ಲಿ ಅಲ್ಲೊಂದು ನೀಲಿ ಚುಕ್ಕಿ. ಲಾರಿ ಡ್ರೈವರನ ಹೆಂಡತಿಯಾಗಿ ಇಷ್ಟು ವರ್ಷ ಬಾಗಿಲು ನೋಡಿದ್ದಾಯಿತು. ಈಗ ಚುಕ್ಕಿ ನೋಡುತ್ತೇನೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಅಷ್ಟೇ ಸಂಸಾರ.

ಎದುರುಮನೆಯಿಂದ ಹಾರನ್ನನ ಹೆಂಡತಿ ಬಂದಳು. ಅವನು ಇವರ ಹಳೇ ಕ್ಲೀನರ್, ಈಗ ಅದೇ ಲಾರಿಗೆ ಎರಡನೇ ಡ್ರೈವರ್. ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯದೆ ಬಂದವನಲ್ಲ, ಅದಕ್ಕೇ ಆ ಹೆಸರು. ಅವನದು ಗುಂಡಿ ಒತ್ತುವ ಫೋನ್. ಚುಕ್ಕಿ ಕೊಡುವುದಿಲ್ಲ.

"ಅಕ್ಕಾ, ನಮ್ಮೋರು ಎಲ್ಲಿಗೆ ಬಂದ್ರು?"
"ಸೇತುವೆ ದಾಟಿದಾರೆ ಕಣೇ."
"ಒಂದೇ ಚುಕ್ಕೀಲಿ ಇಬ್ರು! ನಮ್ಮೋರು ಯಾವ ಕಡೆ?"
"ಗೊರಕೆ ಕೇಳೋ ಕಡೆ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋಗುವಾಗ ಅಂದಳು, "ಅಣ್ಣ ಜೊತೇಲಿದಾರೆ ಅಂತಲೇ ನಂಗೆ ನಿದ್ದೆ ಬರೋದು. ಒಬ್ರೇ ಆಗಿದ್ರೆ ಕಳಿಸ್ತಾನೇ ಇರ್ಲಿಲ್ಲ."

ಜೂನ್ 7
ಇವರು ಬಂದರು. ಭುಜ ತರಚಿ ಕೆಂಪಾಗಿದೆ. ಟಾರ್ಪಾಲಿನ ಹಗ್ಗ ಅಂದರು. ಅಂಗಿ ಒಗೆಯಲು ತೆಗೆದುಕೊಂಡೆ — ಡೀಸೆಲ್ ವಾಸನೆ ಇಲ್ಲ. ಗೋಣಿಯ ವಾಸನೆ.
"ಲೈಸೆನ್ಸ್ ರಿನ್ಯೂ ಆಯ್ತಾ?"
"ಎಲ್ಲಾ ಆನ್‌ಲೈನು. ಬರುತ್ತೆ ಬಿಡು." ಗೋಡೆಯ ಕಡೆ ತಿರುಗಿ ಮಲಗಿದರು.

ಜೂನ್ 12, ಮಧ್ಯಾಹ್ನ
ಇಸ್ತ್ರಿಪೆಟ್ಟಿಗೆಯ ಹಿಡಿ ಕಿತ್ತುಬಂತು. ಬೆಸುಗೆ ಹಾಕಿಸಲು ಊರಿನ ಆ ತುದಿಗೆ, ಸಗಟು ಮಾರುಕಟ್ಟೆಯ ಹಿಂದಕ್ಕೆ ಹೋದೆ. ಮೂಟೆ ಇಳಿಸುವವರ ಸಾಲಿನಲ್ಲಿ ಒಂದು ನಡಿಗೆ ಕಂಡಿತು. ಮುಖ ಮೂಟೆಯ ಅಡಿಯಲ್ಲಿ. ನಡಿಗೆ ಸಾಕಲ್ಲ, ಹೆಂಡತಿಗೆ.

ಫೋನ್ ತೆಗೆದೆ. ಚುಕ್ಕಿ ಎಲ್ಲೋ ದೂರದಲ್ಲಿ ಘಟ್ಟ ಹತ್ತುತ್ತಿದೆ. ಮನುಷ್ಯ ಇಲ್ಲಿ, ಕಲ್ಲೆಸೆದರೆ ತಾಗುವಷ್ಟು ಹತ್ತಿರ, ಮೂಟೆ ಹೊರುತ್ತಿದ್ದಾನೆ.

ಕಂಬದ ಹಿಂದೆ ಸರಿದುಕೊಂಡು ಬೆಸುಗೆಯವನನ್ನು ಕೇಳಿದೆ — ಅವರು ಯಾರು?
"ಡ್ರೈವರಣ್ಣನಾ? ಲೈಸೆನ್ಸ್ ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ಕಣ್ಣು ನೋಡಿದ್ರಂತೆ, ಫೇಲ್ ಅಂತ ಬಂತಂತೆ. ಆಗ್ಲಿಂದ ಇಲ್ಲೇ. ಗೋಡೌನಲ್ಲೇ ಮಲ್ಗೋದು. ಮನೇಲಿ ಗೊತ್ತಾಗ್ಬಾರ್ದು ಅಂತ ಫೋನನ್ನ ಲಾರಿ ಹತ್ತಿಸಿ ಕಳಿಸ್ತಾನೆ! ಎಂಥಾ ತಲೆ ನೋಡಿ."
"ಲಾರಿ ಯಾರು ಓಡಿಸ್ತಾರೆ?"
"ಅವನ ಜೊತೆಯವನು, ಒಬ್ನೇ. ಇನ್ನೊಬ್ಬ ಯಾಕೆ ಅಂದ್ನಂತೆ ಮಾಲೀಕ."

ಬೆಸುಗೆಯವನು ನಗುತ್ತಿದ್ದ. ನಾನೂ ನಕ್ಕೆ. ಏನು ಮಾಡಲಿ.

ಅಂದರೆ ಆ ಹೆಬ್ಬೆರಳು... ಅದೂ ಹಾರನ್ನನದೇ.

ಜೂನ್ 13
ಇಸ್ತ್ರಿಗೆ ಬಂದ ಒಂದೂ ಬಟ್ಟೆ ಸರಿಯಾಗಿ ಮಡಚಲಿಲ್ಲ. ನನ್ನ ಚುಕ್ಕಿಗೆ ಹೆದರಿ ಈ ಮನುಷ್ಯ ಗೋಣಿಯ ಮೇಲೆ ಮಲಗುತ್ತಾನೆ, ಮನೆ ಇದೇ ಊರಲ್ಲಿಟ್ಟುಕೊಂಡು. ಬೈಯಲೋ ಅಳಲೋ ತಿಳಿಯದು. ಕೇಳಿಬಿಟ್ಟರೆ ಕುಸಿದುಹೋಗುತ್ತಾರೆ. ತಾನೇ ಹೇಳಲಿ.

ಸಂಜೆ ಎದುರುಮನೆಯವಳು ಬಂದಳು. "ಎಲ್ಲಿದಾರಕ್ಕಾ ನಮ್ಮೋರು?"
"ಟೋಲ್ ಹತ್ರ."
"ಇಬ್ರೂ ಊಟ ಮಾಡಿದ್ರಂತಾ?"
"ಹೂಂ. ಇಬ್ರೂ."

ಸಲೀಸಾಗಿ ಬಂತು ಬಾಯಿಗೆ.

ಜೂನ್ 16
ಇವರು ಬಂದರು. ಹಾರನ್ನನೂ ಬಂದ, ಬೀದಿಯೆಲ್ಲ ಎಚ್ಚರವಾಗುವ ಹಾಗೆ. ಕಣ್ಣು ಕೆಂಡದ ಹಾಗಿದ್ದವು. "ಅತ್ತಿಗೆ, ಅಣ್ಣನ್ನ ಹುಷಾರಾಗಿ ತಂದು ಒಪ್ಸಿದೀನಿ, ಸೈನ್ ಹಾಕಿ" ಅಂದ. ನಿಂತಲ್ಲೇ ಆಕಳಿಸಿದ.

ಅವನೊಬ್ಬನನ್ನೇ ಕಳಿಸಬೇಡ ಅಂತ ಅವನ ಹೆಂಡತಿಗೆ ಹೇಳಬೇಕು. ಹೇಳಿದರೆ ಇವರ ಮರ್ಯಾದೆ ಬೀದಿಗೆ. ರಾತ್ರಿ ಊಟಕ್ಕೆ ಇಡುವಾಗ ಬಾಯಿಗೆ ಬಂದಿತ್ತು. ಇವರು ತಟ್ಟೆಯ ಅಂಚನ್ನು ಕೈಯಲ್ಲಿ ತಡವಿ ಹುಡುಕಿದರು. ನುಂಗಿಕೊಂಡೆ.

ಮುಂದಿನ ಸಲ ಖಂಡಿತ.

ಜೂನ್ 17
ಹೊರಟರು. ಬಾಗಿಲಲ್ಲಿ ನಿಂತು "ದಾರೀಲಿ ಹುಷಾರು" ಅಂದೆ. ಯಾವ ದಾರಿ!

ಜೂನ್ 19, ಬೆಳಿಗ್ಗೆ
ಚುಕ್ಕಿ ಅಲ್ಲಾಡುತ್ತಿಲ್ಲ. ಘಟ್ಟದ ತಿರುವೊಂದರಲ್ಲಿ ನಿಂತಿದೆ. ಮಲಗಿರಬೇಕು ಪಾಪ. ಮಲಗಲಿ.

ಅದೇ ದಿನ
ಇವರ ನಂಬರಿನಿಂದ ಫೋನ್ ಬಂತು. ಗುರುತಿಲ್ಲದ ದನಿ.
"ಇದ್ರಲ್ಲಿ 'ಮನೆ' ಅಂತಿರೋದು ನೀವೇನಮ್ಮಾ? ಪೊಲೀಸ್ ಮಾತಾಡ್ತಿರೋದು. ಲಾರಿ ಕೆಳಗೆ ಉರುಳಿದೆ. ಡ್ರೈವರ್ ಒಬ್ರೇ ಇದ್ರು. ಧೈರ್ಯ ತಂದ್ಕೊಳ್ಳಿ... ನಿಮ್ಮ ಯಜಮಾನ್ರು ಉಳೀಲಿಲ್ಲ."
"ಅಲ್ಲ" ಅಂದೆ.
"ಏನಮ್ಮಾ?"
"ಅವ್ರು ನಮ್ಮ ಯಜಮಾನ್ರಲ್ಲ."

ಎಷ್ಟು ಬೇಗ ಅಂದುಬಿಟ್ಟೆ! ಎದೆಯಿಂದ ಕಲ್ಲು ಇಳಿಸಿದ ಹಾಗೆ.
"ಹಾಗಾದ್ರೆ ಯಾರಿಗೆ ಹೇಳ್ಬೇಕಮ್ಮಾ ಇದನ್ನ?"
ನಾನು ಹೇಳ್ತೀನಿ ಅಂದೆ.

ಹೇಳಲು ಎದ್ದವಳು ಇಲ್ಲಿ ಕೂತು ಬರೆಯುತ್ತಿದ್ದೇನೆ. ಇವರನ್ನು ಕರೆಸೋಣವೆಂದರೆ ಇವರ ಹತ್ತಿರ ಫೋನಿಲ್ಲ. ಎದುರುಮನೆ ಅಂಗಳದಲ್ಲಿ ಅವಳು ಅವನ ಅಂಗಿ ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಾಳೆ. ಕಿಟಕಿಯಲ್ಲಿ ನನ್ನನ್ನು ನೋಡಿದಳು.

"ಏನಕ್ಕಾ ಹಾಗೆ ನೋಡ್ತಿದೀರಿ? ಇರಿ, ಬಂದೆ, ಕೈ ಒರೆಸ್ಕೊಂಡು."

ಸತ್ತ ಸುದ್ದಿ ಹೇಗಾದರೂ ಹೇಳಬಹುದು. ಒಬ್ಬನೇ ಇದ್ದ ಅನ್ನುವುದನ್ನು, ಅದು ನನಗೆ ಗೊತ್ತಿತ್ತು ಅನ್ನುವುದನ್ನು

ಬಂದಳು